ಗಡ್ಡೆಯೊಳಗಿನ ಕಾವಲು

ಬದನಗುಪ್ಪೆ, ಗುಂಡ್ಲುಪೇಟೆಗಳ ಬಯಲಿನ ತೆಂಕಣಕ್ಕೆ ಬಂಡೀಪುರದ ಕಾಡು, ಅದರಾಚೆ ನೀಲಗಿರಿ. ಕನ್ನಡಕ್ಕೆ ತೀರ ಹತ್ತಿರದ ನುಡಿಯಾಡುವ ಅಲ್ಲಿನ ಬಡಗರು ತಮ್ಮ ಹಿರಿಯರು ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದವರೆಂದು ಹೇಳಿಕೊಂಡು ಬಂದಿದ್ದಾರೆ. 1820ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿ ಜಾನ್ ಸಲ್ಲಿವನ್ ಉದಕಮಂಡಲದಲ್ಲಿ ಆಲೂಗಡ್ಡೆ ಬೆಳೆಸಿದ. ಮುಂದೆ ರಾಗಿ, ಸಾಮೆಯ ಹೊಲಗಳಲ್ಲಿ ಅದು ಬಡಗರ ಕೈಗೆ ಕಾಸು ತರುವ ಬೆಳೆಯಾಯಿತು. ಈ ಬೆಳೆಯ ಚರಿತ್ರೆಯನ್ನು ಬಿತ್ತನೆ ತಂದವರು, ತಳಿ ಕಟ್ಟಿದವರು, ಔಷಧಿ ಹೊಡೆದವರ ಕಥೆಯಾಗಿಯೇ ಬರೆಯುತ್ತೇವೆ. ರೋಗಕ್ಕೆ ಗಿಡ ತಾನೇ ಕೊಟ್ಟ ಉತ್ತರವನ್ನೂ ಲೆಕ್ಕಕ್ಕೆ ಹಿಡಿಯದೆ ಆ ಚರಿತ್ರೆ ಪೂರ್ತಿಯಾಗದು.

ಮಂಜು, ಮಳೆಯ ನೀಲಗಿರಿ ಆಲೂಗಡ್ಡೆಯ ಅಂಗಮಾರಿ ರೋಗಕ್ಕೆ ಹೇಳಿಮಾಡಿಸಿದ ನೆಲ. 1968ರಲ್ಲಿ ಬಿಡುಗಡೆಯಾದ ಕುಫ್ರಿ ಜ್ಯೋತಿ ತಳಿ ಮೊದಮೊದಲು ರೋಗ ತಡೆದುಕೊಂಡಿತು. ರೋಗಾಣು ಬದಲಾದಂತೆ ಆ ಶಕ್ತಿ ಕುಂದಿತು. ಹಾಗಾದರೆ ಗಿಡ ಕೈಚೆಲ್ಲಿ ಕೂತಿತ್ತೇ? ಇಲ್ಲ ಎನ್ನುವುದಕ್ಕೆ ಪುರಾವೆ ಮಾಂಟ್ರಿಯಲ್‌ನಲ್ಲಿ ಸಿಕ್ಕಿತು. ಅಲ್ಲಿ ನಾರ್ಮಂಡ್ ಬ್ರಿಸನ್ ಅವರ ತಂಡ ಆಲೂಗಡ್ಡೆಯಲ್ಲಿ ಪಿಆರ್-10ಎ ಎಂಬ ರಕ್ಷಣಾ ಜೀನನ್ನು ಅಭ್ಯಸಿಸುತ್ತಿತ್ತು. ಗಡ್ಡೆಗೆ ಗಾಯವಾಗಿ ರೋಗಾಣುವಿನ ಸುಳಿವು ಸಿಕ್ಕಾಗ ಈ ಜೀನು ಚುರುಕಾಗುತ್ತದೆ. ಅದನ್ನು ಎಚ್ಚರಿಸುವ, ಡಿಎನ್‌ಎಯ ಒಂಟಿ ಎಳೆಯನ್ನು ಹಿಡಿಯುವ ಪ್ರೋಟೀನನ್ನು ತಂಡ 2000ದಲ್ಲಿ ವರದಿ ಮಾಡಿತು. 2002ರಲ್ಲಿ ಅದರ ರಚನೆ ಬೆಳಕಿಗೆ ಬಂತು: ನಾಲ್ಕು ಘಟಕಗಳು ಸೇರಿ ಗಿರಿಗಿಟ್ಲೆಯ ಆಕಾರ. ವರ್ಲಿ ಎಂದು ಹೆಸರಾದ ಈ ಕುಟುಂಬ ಬೇರೆ ಗಿಡಗಳಲ್ಲೂ ಇದೆ.

ವರ್ಲಿ ಪ್ರೋಟೀನುಗಳು ಹರಿತ್ತು ಕಣಗಳ ಡಿಎನ್‌ಎ ಕಾಯುತ್ತವೆಂದೂ ಮುಂದೆ ತಿಳಿಯಿತು, ರೋಗನಿರೋಧಕ್ಕೆ ಮಾತ್ರ ಅವನ್ನು ಕಟ್ಟಿಹಾಕುವುದು ಸರಿಯೇ ಎಂದು ಕೇಳಬಹುದು. ಸರಿಯಲ್ಲ, ನಿಜ, ಆದರೆ ಕೆಲಸ ಎರಡಾದ ಮಾತ್ರಕ್ಕೆ ಮೊದಲನೆಯದು ಸುಳ್ಳಾಗದು. ಅಂಗಮಾರಿ ಬಿದ್ದ ಹೊಲವನ್ನು ಈ ಪ್ರೋಟೀನು ಉಳಿಸಲಿಲ್ಲವಲ್ಲ ಎಂಬ ಆಕ್ಷೇಪ ಇನ್ನೂ ಗಟ್ಟಿ. ಒಂದು ಪ್ರೋಟೀನು ಒಂದು ಸಾಂಕ್ರಾಮಿಕವನ್ನು ತಡೆಯದು, ಒಪ್ಪೋಣ. ಆದರೆ ಹಾಸನದ ರೈತ ಬಿತ್ತನೆ ಗಡ್ಡೆಯನ್ನು ಕಣ್ಣು ನೋಡಿ ಹೋಳು ಮಾಡಿ, ನೆರಳಲ್ಲಿ ಹರವಿ, ಕೊಯ್ದ ಮುಖ ಒಣಗಿ ಸಿಪ್ಪೆಗಟ್ಟಿದ ಮೇಲೆ ಸಾಲಿಗೆ ಹಾಕುವಾಗ, ಗಾಯಕ್ಕೆ ಉತ್ತರ ಕೊಡಲು ಗಡ್ಡೆಗೆ ಬೇಕಾದ ಹೊತ್ತನ್ನು ಕೊಡುತ್ತಿರುತ್ತಾನೆ. ಅವಸರದಲ್ಲಿ ಹಸಿ ಹೋಳನ್ನೇ ಒದ್ದೆ ಮಣ್ಣಿಗಿಟ್ಟರೆ ಅದು ಕೊಳೆಯುತ್ತದೆ. ರೈತರ ಈ ರೂಢಿ ಗಿಡದ ಸ್ವಂತ ಶಕ್ತಿಯ ಜೊತೆ ನಡೆಸಿದ ಕೂಡುಬಾಳ್ವೆ. ಕೃಷಿಯ ಚರಿತ್ರೆ ಬರೆಯುವವರು ತಳಿಯ ಹೆಸರು, ಇಸವಿಗಳ ಪಕ್ಕದಲ್ಲೇ ಇಂಥ ರೂಢಿಗಳನ್ನೂ ಅವುಗಳ ಹಿಂದಿನ ಜೀವವಿಜ್ಞಾನವನ್ನೂ ದಾಖಲಿಸಬೇಕು.