ಕೂಲಿಮಠಗಳಲ್ಲಿ ಅಕ್ಷರಾಭ್ಯಾಸ

ಕ್ರಿಸ್ತಶಕ ೧೮೨೨ನೆಯ ಜೂನ್ ತಿಂಗಳಲ್ಲಿ ಮದರಾಸು ಆಧಿಪತ್ಯದ ಗವರ್ನರಾಗಿದ್ದ ಸರ್ ಥಾಮಸ್ ಮನ್ರೋ ಸಾಹೇಬರು, ಪ್ರತಿಯೊಂದು ಜಿಲ್ಲೆಯಲ್ಲಿಯೂ ಪಾಠಶಾಲೆಗಳೆಷ್ಟಿವೆ, ಓದುವವರೆಷ್ಟು ಮಂದಿ, ಓದುವುದೇನು ಎಂಬುದನ್ನು ವಿಚಾರಿಸಿ ಬರೆಯುವಂತೆ ಕಲೆಕ್ಟರುಗಳಿಗೆ ಅಪ್ಪಣೆಮಾಡಿದರು. ೧೮೨೩ನೆಯ ಆಗಸ್ಟಿನಲ್ಲಿ ಬಳ್ಳಾರಿಯ ಕಲೆಕ್ಟರಾದ ಎ. ಡಿ. ಕ್ಯಾಂಬೆಲ್ ಸಾಹೇಬರು ಕಳುಹಿದ ಉತ್ತರವು ಬರಿಯ ಅಂಕಿಗಳ ಪಟ್ಟಿಯಲ್ಲ. ತೆಲುಗಿಗೆ ವ್ಯಾಕರಣವನ್ನು ಬರೆದಿದ್ದ ಇವರು, ಮಗುವು ಅಕ್ಷರವನ್ನು ಕಲಿಯುವ ಬಗೆಯನ್ನೂ ವಿವರವಾಗಿ ಬಣ್ಣಿಸಿರುವರು.

ಮಗುವಿಗೆ ಐದು ವರ್ಷ ತುಂಬಿದೊಡನೆ ಐಗಳನ್ನೂ ಮಠದ ಹುಡುಗರನ್ನೂ ಮನೆಗೆ ಕರೆಯಿಸಿ, ವಿಘ್ನೇಶ್ವರನನ್ನು ಪೂಜಿಸಿ, ಮರುದಿನ ಮಗುವನ್ನು ಮಠಕ್ಕೆ ಕರೆದೊಯ್ಯುತ್ತಿದ್ದರು. ಅಲ್ಲಿ ಮೊದಲ ಪಾಠವು ಮರಳಿನ ಮೇಲೆ ಬೆರಳಿನಿಂದ ತಿದ್ದುವುದು. ಯುರೋಪಿನಲ್ಲಿ ಆಗ ಅಕ್ಷರಗಳ ಹೆಸರುಗಳನ್ನು ಮೊದಲು ಬಾಯಿಪಾಠ ಮಾಡಿಸುತ್ತಿದ್ದರು. ಇಲ್ಲಿ ಬರೆಯುತ್ತಲೇ ಓದು ಬರುವುದೆಂದು ಸಾಹೇಬರು ಗುರುತಿಸಿದರು. ಇದರ ಮರ್ಮವು ನಮ್ಮ ಲಿಪಿಯಲ್ಲಿಯೇ ಇದೆಯೆಂದು ನನಗೆ ತೋರುವುದು. ಇಂಗ್ಲಿಷಿನಲ್ಲಿ ಅಕ್ಷರದ ಹೆಸರು ಒಂದು, ಪದದಲ್ಲಿ ಅದರ ಉಚ್ಚಾರಣೆ ಮತ್ತೊಂದು. ನಮ್ಮಲ್ಲಿ ಕಕಾರದ ಧ್ವನಿಯೇ ಅದರ ಹೆಸರು. ತಿದ್ದಿದ ಗುರುತನ್ನು ನುಡಿದರೆ ಅದೇ ಓದು.

ಕೈ ಪಳಗಿದ ಮೇಲೆ ತಾಳೆಗರಿಯ ಮೇಲೆ ಕಬ್ಬಿಣದ ಕಂಠದಿಂದಲೋ, ಕಾಗದದ ಮೇಲೆ ಲೆಕ್ಕಣಿಕೆಯಿಂದಲೋ, ಹಲಗೆ ಕಡತಗಳ ಮೇಲೆ ಬಳಪದಿಂದಲೋ ಬರೆಯುವ ಅಧಿಕಾರವು ದೊರೆಯುತ್ತಿತ್ತು. ಕಡತವೆಂದರೆ ಗಂಜಿಹಾಕಿ ಮಡಿಸಿ, ಇದ್ದಲು ಅಂಟುಗಳ ಲೇಪವನ್ನು ಬಳಿದ ಬಟ್ಟೆ. ಒದ್ದೆಯ ಅರಿವೆಯಿಂದ ಒರಸಿದರೆ ಮತ್ತೆ ಹೊಸದು. ಬಳಿಕ ಕಾಗುಣಿತ, ಅನಂತರ ಮನುಷ್ಯರ, ಊರುಗಳ, ಪ್ರಾಣಿಗಳ ಹೆಸರುಗಳು. ಈ ಕೊನೆಯ ಹೆಜ್ಜೆಯನ್ನು ನಮ್ಮವರು ಹೆಚ್ಚಾಗಿ ಗಮನಿಸಿಲ್ಲ. ತಾನು ಬಲ್ಲ ಪದವನ್ನೇ ಮಗುವು ಮೊದಲು ಓದಬೇಕೆಂದು ಈಚಿನ ಶಿಕ್ಷಣತಜ್ಞರು ಹೇಳುವುದನ್ನು ಐಗಳು ಆಗಲೇ ನಡೆಸುತ್ತಿದ್ದರು.

ಮುಂದುವರಿದ ಹುಡುಗರು ಹಿಂದುಳಿದವರಿಗೆ ಕಲಿಸುತ್ತಿದ್ದುದನ್ನು ಕ್ಯಾಂಬೆಲರು ಮೆಚ್ಚಿ, ಇಂಗ್ಲೆಂಡು ಇದನ್ನು ಅನುಕರಿಸಿದುದು ಯೋಗ್ಯವೇ ಎಂದರು. ಮದರಾಸಿನ ಎಗ್ಮೂರಿನ ಅನಾಥ ಬಾಲಕರ ಶಾಲೆಯಲ್ಲಿದ್ದ ಆಂಡ್ರೂ ಬೆಲ್ಲರು, ದೇಶೀಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ತಮ್ಮ ಶಾಲೆಗೆ ಅದನ್ನು ತಂದು, ೧೭೯೭ರಲ್ಲಿ ಲಂಡನ್ನಿನಲ್ಲಿ ಆ ಪ್ರಯೋಗದ ವೃತ್ತಾಂತವನ್ನು ಅಚ್ಚುಹಾಕಿಸಿದ್ದರು.

ಹೊಗಳಿಕೆಯು ಅಲ್ಲಿಗೇ ನಿಂತಿತು. ಊರಿನ ಹೆಸರನ್ನು ಓದಿದ ಹುಡುಗನು ಹಠಾತ್ತಾಗಿ ಹಳೆಯ ಪದ್ಯಕಾವ್ಯಗಳಿಗೆ ಹಾರಬೇಕಾಗಿತ್ತು. ಅವುಗಳ ಭಾಷೆ ಆಡುಮಾತಲ್ಲ. ಅರ್ಥವು ಎಷ್ಟೋ ಐಗಳಿಗೇ ತಿಳಿಯದು. ಹುಡುಗನು ನೂರಾರು ಪದ್ಯಗಳನ್ನು ಗಿಳಿಯಂತೆ ಒಪ್ಪಿಸುವನೆಂದು ಸಾಹೇಬರು ಬರೆದರು. ಮಾತು ಕಟುವಾದುದಾದರೂ ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಅಕ್ಷರಕ್ಕೂ ಅರ್ಥಕ್ಕೂ ನಡುವೆ ಇರಬೇಕಾದ ಸುಲಭ ಗದ್ಯದ ಸೇತುವೆಯೇ ಇರಲಿಲ್ಲ. ಆದರೂ ಲೋಕವ್ಯವಹಾರಕ್ಕೆ ಬೇಕಾದಷ್ಟು ಓದುಬರಹವು ಈ ಮಠಗಳಿಂದ ಬರುತ್ತಿತ್ತೆಂಬುದನ್ನು ಅವರೇ ಒಪ್ಪಿರುವರು.

ಇನ್ನು ಸಂಖ್ಯೆ. ಅನಂತಪುರದ ಸೀಮೆಯೂ ಸೇರಿದ್ದ ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ ೫೩೩ ಪಾಠಶಾಲೆಗಳು, ೬,೬೪೧ ವಿದ್ಯಾರ್ಥಿಗಳು. ಜನಸಂಖ್ಯೆಯೋ ಒಂಬತ್ತು ಲಕ್ಷಕ್ಕೆ ಮೀರಿದ್ದಿತು. ಸಾವಿರಕ್ಕೆ ಏಳು ಮಂದಿಯ ಲೆಕ್ಕ! ಕಲಿಸುವ ಕ್ರಮವನ್ನಾಗಲಿ ಐಗಳನ್ನಾಗಲಿ ಕ್ಯಾಂಬೆಲರು ಇದಕ್ಕೆ ಹೊಣೆಮಾಡಲಿಲ್ಲ. ದೇಶವು ಬಡವಾಗುತ್ತ ಬಂದುದೇ ಕಾರಣವೆಂದರು. ಇಂಗ್ಲೆಂಡಿನ ಬಟ್ಟೆ ಬಂದು ನೇಯ್ಗೆಯವರ ಸಂಪಾದನೆ ಕುಗ್ಗಿದುದನ್ನು, ಸರ್ಕಾರದ ಕಲೆಕ್ಟರಾಗಿದ್ದೂ, ಮುಚ್ಚಿಡದೆ ಬರೆದರು. ಮುಂಚೆ ಮಠಗಳಿದ್ದ ಅನೇಕ ಹಳ್ಳಿಗಳಲ್ಲಿ ಆಗಲೇ ಒಂದೂ ಉಳಿದಿರಲಿಲ್ಲವೆಂಬುದು ಅದೇ ವರದಿಯಿಂದ ತಿಳಿದುಬರುವುದು.