ಶ್ರುತಿಗೇ ಬಿದ್ದ ಚಪ್ಪಾಳೆ

1971ರ ಆಗಸ್ಟ್ 1. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಯುವಜನರಿಂದ ಕಿಕ್ಕಿರಿದಿತ್ತು. ವೇದಿಕೆಯ ಮೇಲೆ ಸಿತಾರ್ ಹಿಡಿದ ಪಂಡಿತ್ ರವಿಶಂಕರ್, ಸರೋದ್ ಹಿಡಿದ ಉಸ್ತಾದ್ ಅಲಿ ಅಕ್ಬರ್ ಖಾನ್, ತಬಲಾದಲ್ಲಿ ಉಸ್ತಾದ್ ಅಲ್ಲಾ ರಖಾ. ಕಲಾವಿದರು ಕೆಲಹೊತ್ತು ತಂತಿ ಮೀಟಿ ನಿಲ್ಲಿಸಿದ್ದೇ ತಡ, ಭಾರಿ ಕರತಾಡನ! ವಾಸ್ತವವಾಗಿ ಕಛೇರಿ ಇನ್ನೂ ಆರಂಭವೇ ಆಗಿರಲಿಲ್ಲ. ಅವರು ವಾದ್ಯಗಳ ಶ್ರುತಿ ಮಾಡಿಕೊಂಡಿದ್ದರು, ಅಷ್ಟೆ. ಶ್ರುತಿಯೇ ಇಷ್ಟು ಹಿಡಿಸಿದ್ದರೆ ವಾದನ ಇನ್ನೂ ಹಿಡಿಸೀತೆಂದು ರವಿಶಂಕರ್ ನಯವಾಗಿ ಹೇಳಿದರು.

ಸಿತಾರ್ ಮತ್ತು ರಾಕ್ ಸಂಗೀತದ ನಂಟನ್ನು ಅರಿಯಲು ಈ ಪ್ರಸಂಗವೊಂದೇ ಸಾಕು. ರಾಕ್ ಜಗತ್ತು ಮೊದಲು ಮನಸೋತದ್ದು ಸಿತಾರಿನ ನಾದಕ್ಕೆ, ಸಿತಾರಿನ ಸಂಗೀತಕ್ಕಲ್ಲ.

ಈ ಕಥೆ ಆರಂಭವಾಗುವುದು 1965ರ ಲಂಡನ್ನಿನಲ್ಲಿ. ಯಾರ್ಡ್‌ಬರ್ಡ್ಸ್ ತಂಡ ತನ್ನ ಹಾಡೊಂದಕ್ಕೆ ಸಿತಾರ್ ವಾದಕರನ್ನು ಕರೆಸಿತಾದರೂ ಫಲಿತಾಂಶ ಒಪ್ಪಿಗೆಯಾಗಲಿಲ್ಲ. ಕೊನೆಗೆ ಜೆಫ್ ಬೆಕ್ ಗಿಟಾರಿನಲ್ಲೇ ಆ ಧ್ವನಿಯ ಅನುಕರಣೆ ಮಾಡಿದರು. ಅದೇ ವರ್ಷ ‘ಹೆಲ್ಪ್!’ ಚಿತ್ರದ ಚಿತ್ರೀಕರಣದಲ್ಲಿ, ಭಾರತೀಯ ಹೋಟೆಲಿನ ದೃಶ್ಯವೊಂದರ ಸಂದರ್ಭದಲ್ಲಿ, ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಸಿತಾರನ್ನು ಕೈಗೆತ್ತಿಕೊಂಡರು. ಮುಂದೆ ಲಂಡನ್ನಿನ ಅಂಗಡಿಯೊಂದರಲ್ಲಿ ಸಾಧಾರಣ ಸಿತಾರನ್ನು ಕೊಂಡು, ಗುರುವಿಲ್ಲದೆಯೇ ‘ನಾರ್ವೀಜಿಯನ್ ವುಡ್’ ಹಾಡಿಗೆ ನುಡಿಸಿದರು. 1966ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ‘ಪೇಂಟ್ ಇಟ್ ಬ್ಲ್ಯಾಕ್’ ಹಾಡಿಗೆ ಬ್ರಯನ್ ಜೋನ್ಸ್ ಸಿತಾರ್ ನುಡಿಸಿದರು. ಸಿತಾರ್ ಒಂದು ಹುಚ್ಚಾಗಿ ಹಬ್ಬಿತು.

ಅಷ್ಟೊಂದು ವಾದ್ಯಗಳಿರುವಾಗ ಸಿತಾರೇ ಏಕೆ? ಉತ್ತರ ಅದರ ರಚನೆಯಲ್ಲಿದೆ. ಸಿತಾರಿನ ಕುದುರೆ ಅಗಲವಾಗಿ, ಕೊಂಚ ಬಾಗಿದಂತಿರುತ್ತದೆ. ಕಂಪಿಸುವ ತಂತಿ ಅದರ ಮೈಯನ್ನು ತಾಕುತ್ತಲೇ ಇರುವುದರಿಂದ ಝೇಂಕಾರ ಹುಟ್ಟುತ್ತದೆ. ಸಂಗೀತಗಾರರು ಇದನ್ನು ಜವಾರಿ ಎನ್ನುತ್ತಾರೆ. ಕೆಳಗಿನ ತರಫ್ ತಂತಿಗಳು ತಾವಾಗಿಯೇ ಅನುರಣಿಸುತ್ತವೆ. ತಂತಿಯನ್ನು ಪಕ್ಕಕ್ಕೆಳೆದರೆ ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಮೂಡುತ್ತದೆ. ಧ್ವನಿಯನ್ನು ಒರಟಾಗಿಸುವ, ತಂತಿ ಎಳೆದು ಸ್ವರ ಬಾಗಿಸುವ ಪ್ರಯೋಗಗಳಲ್ಲಿ ತೊಡಗಿದ್ದ ಎಲೆಕ್ಟ್ರಿಕ್ ಗಿಟಾರ್ ವಾದಕರಿಗೆ ಇದು ಹಿಡಿಸಿದ್ದರಲ್ಲಿ ಅಚ್ಚರಿಯಿಲ್ಲ. 1967ರಲ್ಲಿ ಅಮೆರಿಕದ ಡಾನೆಲೆಕ್ಟ್ರೊ ಕಂಪನಿ ಗಿಟಾರಿನಂತೆಯೇ ನುಡಿಸಬಹುದಾದ ‘ಎಲೆಕ್ಟ್ರಿಕ್ ಸಿತಾರ್’ ಮಾರುಕಟ್ಟೆಗೆ ಬಿಟ್ಟಿತು. ಝೇಂಕಾರಕ್ಕಾಗಿ ವರ್ಷಗಟ್ಟಲೆ ಸಾಧನೆ ಮಾಡುವ ಅಗತ್ಯವೇ ಉಳಿಯಲಿಲ್ಲ!

ಹ್ಯಾರಿಸನ್ ಹಿಡಿದದ್ದು ಬೇರೆಯೇ ದಾರಿ. 1966ರ ಜೂನ್‌ನಲ್ಲಿ ಲಂಡನ್ನಿನಲ್ಲಿ ರವಿಶಂಕರರನ್ನು ಭೇಟಿಯಾದ ಅವರು ಸೆಪ್ಟೆಂಬರಿನಲ್ಲಿ ಕಲಿಯಲೆಂದೇ ಮುಂಬಯಿಗೆ ಬಂದರು. ಅಭಿಮಾನಿಗಳ ಕಾಟ ಹೆಚ್ಚಾದಾಗ ಗುರುಶಿಷ್ಯರು ಕಾಶ್ಮೀರಕ್ಕೆ ತೆರಳಿದರು. ವಾದ್ಯ ಹಿಡಿದು ಕೂರುವ ಭಂಗಿಯಿಂದಲೇ ಪಾಠ ಶುರು. 1967ರ ‘ವಿದಿನ್ ಯು ವಿದೌಟ್ ಯು’ ಹಾಡಿನಲ್ಲಿ ಈ ಕಲಿಕೆಯ ಫಲ ಕಾಣುತ್ತದೆ. ಆದರೆ ತಾನು ಒಳ್ಳೆಯ ಸಿತಾರ್ ವಾದಕನಾಗಲಾರೆ, ಅದಕ್ಕೆ ಕಾಲ ಮೀರಿದೆ ಎಂಬುದು 1968ರ ಹೊತ್ತಿಗೆ ಹ್ಯಾರಿಸನ್ನರಿಗೆ ಮನವರಿಕೆಯಾಯಿತು. ಅವರು ಗಿಟಾರಿಗೆ ಮರಳಿದರು.

ಇತ್ತ ಗುರುವಿನ ಇಕ್ಕಟ್ಟು ಬೇರೆ ಬಗೆಯದು. 1956ರಿಂದಲೇ ಪಶ್ಚಿಮದಲ್ಲಿ ಕಛೇರಿ ನೀಡುತ್ತಿದ್ದ ರವಿಶಂಕರ್ ಈಗ ದಿಢೀರನೆ ಯುವಜನರ ಆರಾಧ್ಯರಾದರು. 1967ರ ಮಾಂಟೆರೆ ಉತ್ಸವದಲ್ಲಿ ಒಂದು ಇಡೀ ಮಧ್ಯಾಹ್ನ ಅವರದೇ. ಅಲ್ಲಿಯೇ ಜಿಮಿ ಹೆಂಡ್ರಿಕ್ಸ್ ತನ್ನ ಗಿಟಾರಿಗೆ ಬೆಂಕಿ ಹಚ್ಚಿದ್ದು ಅವರನ್ನು ತೀವ್ರವಾಗಿ ನೋಯಿಸಿತು. ವಾದ್ಯಕ್ಕೆ ನಮಸ್ಕರಿಸಿ ನುಡಿಸುವ ಪರಂಪರೆಯವರು ಅವರು. ಕೇಳುಗರ ಮಾದಕವಸ್ತು ಸೇವನೆಯನ್ನೂ ಸಹಿಸಲಿಲ್ಲ. 1969ರ ವುಡ್‌ಸ್ಟಾಕ್ ಉತ್ಸವದಲ್ಲಿ ಮಳೆಯ ನಡುವೆ ನುಡಿಸಿದ ಬಳಿಕ ಇಂಥ ಉತ್ಸವಗಳಿಂದ ದೂರ ಸರಿದರು. ತವರಿನಲ್ಲಿಯೂ ಟೀಕೆ ತಪ್ಪಲಿಲ್ಲ. ಶಾಸ್ತ್ರೀಯತೆಯನ್ನು ಹಗುರ ಮಾಡಿದರೆಂಬ ಆರೋಪ ಬಂತು.

ಹಾಗಿದ್ದೂ 1971ರಲ್ಲಿ ಪೂರ್ವ ಬಂಗಾಳದ ನಿರಾಶ್ರಿತರ ಸಂಕಟ ಕಂಡಾಗ ರವಿಶಂಕರ್ ನೆರವು ಕೇಳಿದ್ದು ಹ್ಯಾರಿಸನ್ನರನ್ನೇ. ಎರಡು ಪ್ರದರ್ಶನಗಳಿಗೆ ಸುಮಾರು 40,000 ಜನ ಸೇರಿದರು. ಶ್ರುತಿಗೆ ಚಪ್ಪಾಳೆ ತಟ್ಟಿದವರೇ ನಂತರ ವಾದನವನ್ನೂ ಕೇಳಿದರು.

ಝೇಂಕಾರಕ್ಕಷ್ಟೇ ಸಿತಾರ್ ಹಿಡಿದವರಿಗೆ ಅದರ ಆಳ ತಿಳಿಯುವ ಪ್ರಮೇಯವೇ ಬರಲಿಲ್ಲ. ಕಲಿತು ಅದನ್ನು ಅರಿತ ಹ್ಯಾರಿಸನ್ ಸಿತಾರನ್ನು ಕೆಳಗಿಟ್ಟರು, ಗುರುವನ್ನು ಬಿಡಲಿಲ್ಲ. 1997ರಲ್ಲಿ ರವಿಶಂಕರರ ‘ಚಾಂಟ್ಸ್ ಆಫ್ ಇಂಡಿಯಾ’ ಧ್ವನಿಮುದ್ರಿಕೆಯ ನಿರ್ಮಾಪಕರು ಅವರೇ. 2001ರಲ್ಲಿ ಶಿಷ್ಯ ತೀರಿಕೊಂಡಾಗ ಗುರುವಿಗೆ 81 ವರ್ಷ.