ಮೇಜಿನ ಯುದ್ಧಕ್ರೀಡೆಯಲ್ಲಿ ಬೈಜಾಂಟೈನ್ ಸೇನೆ

ಕಾನ್‌ಸ್ಟಾಂಟಿನೋಪಲ್ ರಾಜಧಾನಿಯಾಗಿದ್ದ ಪೂರ್ವ ರೋಮನ್ (ಬೈಜಾಂಟೈನ್) ಸಾಮ್ರಾಜ್ಯದ ಮಧ್ಯಯುಗೀನ ಸೈನ್ಯವನ್ನು ಲೋಹದ ಅಥವಾ ಪ್ಲಾಸ್ಟಿಕ್ಕಿನ ಕಿರುಗೊಂಬೆಗಳಲ್ಲಿ ರೂಪಿಸಿ, ಬಣ್ಣ ಬಳಿದು, ಅಳತೆಪಟ್ಟಿ ಮತ್ತು ದಾಳಗಳ ನೆರವಿನಿಂದ ಮೇಜಿನ ಮೇಲೆ ನಿಯಮಬದ್ಧವಾಗಿ ಕಾದಾಡಿಸುವ ಹವ್ಯಾಸವು ಬ್ರಿಟನ್ನಿನಲ್ಲಿ, ವಿಶೇಷವಾಗಿ 1960ರ ದಶಕದ ನಂತರ, ಬೆಳೆದು ಬಂದಿದೆ. ಭಾರವಾದ ಅಶ್ವದಳ, ಹಗುರ ಅಶ್ವದಳ, ಒತ್ತಾಗಿ ನಿಲ್ಲುವ ಕಾಲಾಳು, ಬಿಲ್ಲುಗಾರರು ಮತ್ತು ಚದುರಿ ಹೋರಾಡುವ ಹಗುರ ಯೋಧರು ಯಾವ ಪ್ರಮಾಣದಲ್ಲಿರಬೇಕು ಎಂಬುದೇ ಈ ಹವ್ಯಾಸದಲ್ಲಿ ಸೇನೆಯ ಸಮತೋಲನದ ಪ್ರಶ್ನೆ. ಬೇರೆ ಮಧ್ಯಯುಗೀನ ಸೇನೆಗಳ ವಿಷಯದಲ್ಲಿ ಈ ಪ್ರಶ್ನೆಗೆ ಬಹುಮಟ್ಟಿಗೆ ಊಹೆಯಿಂದಲೇ ಉತ್ತರಿಸಬೇಕಾಗುತ್ತದೆ. ಬೈಜಾಂಟೈನ್ ಸೇನೆಗೆ ಮಾತ್ರ ಆ ಸಾಮ್ರಾಜ್ಯದ ಸೇನಾನಿಗಳೇ ಲೆಕ್ಕಸಹಿತ ಉತ್ತರ ಬರೆದಿಟ್ಟಿದ್ದಾರೆ. ಯುದ್ಧಕ್ರೀಡೆಯವರಿಗೆ ಈ ಸೇನೆಯ ಮೇಲಿರುವ ಒಲವಿನ ಮುಖ್ಯ ಕಾರಣವೂ ಅದೇ.

ಆಟದ ಮೂಲ ಭಾರತದ ಚತುರಂಗಕ್ಕೆ ಹೋಗಿ ಮುಟ್ಟುತ್ತದೆ. ಆನೆ, ಕುದುರೆ, ರಥ, ಕಾಲಾಳುಗಳೆಂಬ ನಾಲ್ಕು ಅಂಗಗಳ ಬಲವನ್ನು ಮನೆಗಳ ಮೇಲೆ ನಡೆಸುವ ಆ ಕಲ್ಪನೆ ಪರ್ಷಿಯ ಮತ್ತು ಅರಬ್ ನಾಡುಗಳ ಮೂಲಕ ಯೂರೋಪಿಗೆ ಹೋಗಿ ಚೆಸ್ ಆಯಿತು. ಅದನ್ನು ಸೈನಿಕ ಶಿಕ್ಷಣಕ್ಕೆ ಹೊಂದುವಂತೆ ಹಿಗ್ಗಿಸಿದವರು ಜರ್ಮನ್ನರು: 1780ರಲ್ಲಿ ಬ್ರನ್ಸ್‌ವಿಕ್‌ನ ಯೋಹಾನ್ ಹೆಲ್ವಿಗ್ ಚೆಸ್ ಮಣೆಯನ್ನು ಸಾವಿರಕ್ಕೂ ಹೆಚ್ಚು ಮನೆಗಳ ಭೂಪ್ರದೇಶವಾಗಿ ಬೆಳೆಸಿದನು, 1824ರಲ್ಲಿ ಪ್ರಷ್ಯದ ಅಧಿಕಾರಿ ರೈಸ್‌ವಿಟ್ಜ್ ಮನೆಗಳನ್ನು ಕೈಬಿಟ್ಟು, ನಿಜವಾದ ಭೂಪಟದ ಮೇಲೆ ದಾಳ ಮತ್ತು ತೀರ್ಪುಗಾರರೊಡನೆ ನಡೆಯುವ ಕ್ರೀಗ್‌ಸ್ಪೀಲ್ ಎಂಬ ಯುದ್ಧದಾಟದ ಕೈಪಿಡಿಯನ್ನು ಪ್ರಕಟಿಸಿದನು. ಅದೇ ಶತಮಾನದಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಸಮಸ್ಯೆಗಳನ್ನೂ ಹೊಸ ಬಗೆಯ ಮಣೆಯಾಟಗಳನ್ನೂ ರಚಿಸುತ್ತಿದ್ದರೆಂಬುದು ಇಲ್ಲಿ ನೆನೆಯತಕ್ಕದ್ದು. ಒಂದೇ ಬೇರಿನಿಂದ ಹೊರಟ ಎರಡು ಕವಲುಗಳಲ್ಲಿ ಪ್ರಷ್ಯದ್ದು ಸೇನಾ ಶಾಲೆಯನ್ನು ಸೇರಿತು, ಮೈಸೂರಿನದು ಅರಮನೆಯ ಕಲೆ ಮತ್ತು ಗಣಿತ ವಿನೋದವಾಗಿ ಉಳಿಯಿತು.

ಯುದ್ಧದಾಟವನ್ನು ಸೇನಾ ಕಚೇರಿಯಿಂದ ಮನೆಯ ನೆಲಕ್ಕೆ ಇಳಿಸಿದ್ದು ಲಂಡನ್. ಉತ್ತರ ಲಂಡನ್ನಿನ ವಿಲಿಯಂ ಬ್ರಿಟನ್ ಕಂಪನಿಯು 1893ರಲ್ಲಿ ಒಳಗೆ ಟೊಳ್ಳಾಗಿರುವಂತೆ ಸೀಸದ ಸೈನಿಕರನ್ನು ಎರಕ ಹೊಯ್ಯುವ ವಿಧಾನವನ್ನು ಕಂಡುಕೊಂಡುದರಿಂದ ಗೊಂಬೆಗಳು ಹಗುರವೂ ಅಗ್ಗವೂ ಆದವು, ಮತ್ತು ಎಚ್.ಜಿ. ವೆಲ್ಸ್ ಅಂಥ ಗೊಂಬೆಗಳನ್ನೂ ಸ್ಪ್ರಿಂಗ್ ಆಟಿಕೆ ಫಿರಂಗಿಯನ್ನೂ ಬಳಸಿ ಆಡುವ ಕ್ರಮವನ್ನು 1913ರ 'ಲಿಟಲ್ ವಾರ್ಸ್' ಎಂಬ ಪುಸ್ತಕದಲ್ಲಿ ವಿವರಿಸಿದರು.     

ವೆಲ್ಸ್ ಆಡಿಸಿದ್ದು ತಮ್ಮ ಕಾಲದ ಸೈನಿಕರನ್ನು. ಪ್ರಾಚೀನ ಮತ್ತು ಮಧ್ಯಯುಗೀನ ಸೇನೆಗಳು ಮೇಜಿಗೆ ಬಂದದ್ದು ಅರ್ಧ ಶತಮಾನದ ನಂತರ. ಡೊನಾಲ್ಡ್ ಫೆದರ್‌ಸ್ಟೋನ್ ಅವರ 1962ರ 'ವಾರ್ ಗೇಮ್ಸ್' ಪುಸ್ತಕದಲ್ಲಿ ಟೋನಿ ಬಾತ್ ರಚಿಸಿದ ಪ್ರಾಚೀನ ಯುದ್ಧದ ನಿಯಮಗಳು ಅಚ್ಚಾದವು. 1965ರಲ್ಲಿ ಬಾತ್ ಅವರು ಸೊಸೈಟಿ ಆಫ್ ಏನ್ಷಂಟ್ಸ್ ಎಂಬ ಸಂಘವನ್ನು ಸ್ಥಾಪಿಸಿದರು. 1969ರಲ್ಲಿ ಫಿಲ್ ಬಾರ್ಕರ್ ಮತ್ತು ಅವರ ಸಂಗಡಿಗರ ವಾರ್‌ಗೇಮ್ಸ್ ರಿಸರ್ಚ್ ಗ್ರೂಪ್ ಹೊರತಂದ ನಿಯಮಗಳು ಮುಂದಿನ ಆವೃತ್ತಿಗಳಲ್ಲಿ ಮಧ್ಯಯುಗಕ್ಕೂ ಚಾಚಿದವು. ಪ್ರತಿ ಯೋಧನಿಗೂ ಅವನ ಕವಚ, ಆಯುಧ, ತರಬೇತಿಗಳಿಗೆ ತಕ್ಕಂತೆ ಬೆಲೆಯಂಕ ಕಟ್ಟಿ, ಇಬ್ಬರು ಆಟಗಾರರೂ ಒಟ್ಟು ಒಂದೇ ಮೊತ್ತದೊಳಗೆ ಸೇನೆ ಕಟ್ಟಬೇಕೆಂಬ ಪದ್ಧತಿ ಆ ನಿಯಮಗಳ ಜೊತೆಗೆ ಹರಡಿತು. ಇದರಿಂದ ಒಂದು ಒಳಿತೂ ಒಂದು ಕೆಡುಕೂ ಆಯಿತು. ಅಸಮಾನ ಸೇನೆಗಳು ಸಮನಾಗಿ ಎದುರಾಗುವಂತಾದುದು ಒಳಿತು. ಚರಿತ್ರೆಯಲ್ಲಿ ವಿರಳವಾಗಿದ್ದ ದುಬಾರಿ ದಳಗಳನ್ನೇ ರಾಶಿ ಹಾಕಿಕೊಂಡು ಬರುವ ಆಸೆ ಆಟಗಾರರಲ್ಲಿ ಹುಟ್ಟಿದ್ದು ಕೆಡುಕು. ಅದನ್ನು ತಡೆಯಲು ಪ್ರತಿ ದಳಕ್ಕೂ ಕನಿಷ್ಠ ಮತ್ತು ಗರಿಷ್ಠ ಮಿತಿ ಹಾಕುವ ಸೇನಾಪಟ್ಟಿಗಳು ಬೇಕಾದವು.

ಪಟ್ಟಿ ಬರೆಯಲು ಆಧಾರ ಬೇಕು. ಚಾರ್ಲ್ಸ್ ಓಮನ್ ಅವರ 1885ರ ಪ್ರಬಂಧದಿಂದ ಮೊದಲ್ಗೊಂಡು ಬೈಜಾಂಟೈನ್ ಯುದ್ಧಕಲೆಯ ಶಿಸ್ತು ಇಂಗ್ಲಿಷ್ ಓದುಗರಿಗೆ ಪರಿಚಯವಾಗಿತ್ತಾದರೂ, ಆಟಗಾರನಿಗೆ ಬೇಕಾದ ವೇಷ, ಆಯುಧ, ಸಂಖ್ಯೆಗಳ ವಿವರ ಕೈಗೆ ಸಿಕ್ಕಿದ್ದು ಇಯನ್ ಹೀತ್ ಅವರ 'ಆರ್ಮೀಸ್ ಆಫ್ ದ ಡಾರ್ಕ್ ಏಜಸ್' (1976) ಮತ್ತು ಬೈಜಾಂಟೈನ್ ಸೇನೆಗಳ ಕುರಿತ 1979ರ ಸಚಿತ್ರ ಕಿರುಹೊತ್ತಿಗೆಯಿಂದ. ಸುಮಾರು ಕ್ರಿ.ಶ. 600ರದೆನ್ನಲಾದ, ಮಾರಿಸ್ ಚಕ್ರವರ್ತಿಯ ಹೆಸರಿನಲ್ಲಿರುವ 'ಸ್ಟ್ರಾಟೆಗಿಕಾನ್' ಕೈಪಿಡಿಯ ಇಂಗ್ಲಿಷ್ ಅನುವಾದವನ್ನು ಜಾರ್ಜ್ ಡೆನಿಸ್ 1984ರಲ್ಲಿ ಪ್ರಕಟಿಸಿದರು. ಎರಿಕ್ ಮಕ್‌ಗೀರ್ ಅವರ 1995ರ ಗ್ರಂಥವು, ಚಕ್ರವರ್ತಿ ಎರಡನೆಯ ನಿಕೆಫೊರಸ್ ಫೋಕಾಸ್ ಸುಮಾರು 965ರಲ್ಲಿ ಬರೆಸಿದನೆನ್ನಲಾದ 'ಪ್ರಿಸೆಪ್ಟಾ ಮಿಲಿಟಾರಿಯಾ' ಎಂಬ ಯುದ್ಧಸೂತ್ರಗಳನ್ನು ಅನುವಾದ ಸಹಿತ ಮುಂದಿಟ್ಟಿತು. ಸಮತೋಲನದ ಚರ್ಚೆಗೆ ಇವುಗಳಲ್ಲಿ ಅತಿ ಮುಖ್ಯವಾದುದು ಈ ಕೊನೆಯದು.

ಫೋಕಾಸನು 961ರಲ್ಲಿ ಕ್ರೀಟ್ ದ್ವೀಪವನ್ನು ಅರಬರಿಂದ ಗೆದ್ದ ದಂಡನಾಯಕ; 963ರಿಂದ 969ರವರೆಗೆ ಚಕ್ರವರ್ತಿ. ಅವನ ಸೂತ್ರಗಳ ಪ್ರಕಾರ ಕಾಲಾಳುಪಡೆಯ ಘಟಕವಾದ ಟ್ಯಾಕ್ಸಿಯಾರ್ಕಿಯಲ್ಲಿ 1,000 ಜನ: ಈಟಿ ಮತ್ತು ಗುರಾಣಿ ಹಿಡಿದ ಹಾಪ್ಲೈಟ್‌ಗಳು 400, ಬಿಲ್ಲುಗಾರರು 300, ಎಸೆಯುವ ಈಟಿ ಮತ್ತು ಕವಣೆ ಬಳಸುವ ಹಗುರ ಯೋಧರು 200, ಹಾಗೂ ಕವಚ ತೊಟ್ಟ ಕುದುರೆಗಳ ದಾಳಿಯನ್ನು ಮುರಿಯಲೆಂದೇ ದಪ್ಪ ಕಾವಿನ ಈಟಿ ಹಿಡಿದು ನಿಲ್ಲುವ ಮೆನಾವ್ಲಟೋಯ್ ಎಂಬವರು 100. ಸಾಲಿನ ಆಳ ಏಳು. ಮುಂದೆ ಎರಡು ಸಾಲು ಈಟಿ, ನಡುವೆ ಮೂರು ಸಾಲು ಬಿಲ್ಲು, ಹಿಂದೆ ಮತ್ತೆ ಎರಡು ಸಾಲು ಈಟಿ. ಇಂಥ ಹನ್ನೆರಡು ಘಟಕಗಳು ಟೊಳ್ಳಾದ ಚೌಕವಾಗಿ ನಿಂತಾಗ ಅಶ್ವದಳ ಆ ಚೌಕದೊಳಗೆ ಆಸರೆ ಪಡೆಯುತ್ತಿತ್ತು, ಮತ್ತು ಘಟಕಗಳ ನಡುವೆ ಹನ್ನೆರಡರಿಂದ ಹದಿನೈದು ಸವಾರರು ಸಾಲಾಗಿ ಹೊರಬೀಳುವಷ್ಟು ಸಂದಿಗಳನ್ನು ಬಿಡಲಾಗುತ್ತಿತ್ತು. ದಾಳಿಯ ಮೊನೆಯಾಗಿದ್ದವರು ಕಟಾಫ್ರಾಕ್ಟ್‌ಗಳು: ತಲೆಯಿಂದ ಕಾಲಿನವರೆಗೆ ಕಬ್ಬಿಣ ತೊಟ್ಟು, ಕುದುರೆಗೂ ಜಮಖಾನದಂಥ ದಪ್ಪ ಉಣ್ಣೆಯ ಅಥವಾ ತೊಗಲಿನ ಹೊದಿಕೆ ಹಾಕಿ, ಕಬ್ಬಿಣದ ಗದೆ ಹಿಡಿದ ಸವಾರರು. ಮೊದಲ ಸಾಲಿನಲ್ಲಿ 20 ಜನರಿದ್ದು, ಮುಂದಿನ ಪ್ರತಿ ಸಾಲಿನಲ್ಲೂ ನಾಲ್ವರು ಹೆಚ್ಚುತ್ತ ಹನ್ನೆರಡು ಸಾಲುಗಳಾಗುವ ಬೆಣೆಯಾಕಾರದ ವ್ಯೂಹದಲ್ಲಿ ಒಟ್ಟು 504 ಜನ. ಅವರಲ್ಲಿ 150 ಮಂದಿ ಕುದುರೆ ಮೇಲಿನ ಬಿಲ್ಲುಗಾರರು. ಇಡೀ ಸೇನೆಗೆ ಇಂಥ ಬೆಣೆ ಒಂದೇ. ಇಕ್ಕೆಲದಲ್ಲಿಯೂ ಹಿಂದೆಯೂ ಇರುತ್ತಿದ್ದವರು ಸಾಮಾನ್ಯ ಕವಚದ ಸವಾರರು.

ಈ ಅಂಕಿಗಳನ್ನು ಹಳೆಯ ನಿಯಮಗಳ ಮಾನಕ್ಕೆ, ಅಂದರೆ ಒಂದು ಗೊಂಬೆಗೆ 20 ಯೋಧರು ಎಂಬ ಲೆಕ್ಕಕ್ಕೆ, ಇಳಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ. ಬೆಣೆಗೆ 25 ಗೊಂಬೆ ಸಾಕು. ಒಂದು ಕಾಲಾಳು ಘಟಕಕ್ಕೆ 50 ಗೊಂಬೆ, ಅದರಲ್ಲಿ ಹಾಪ್ಲೈಟ್ 20, ಬಿಲ್ಲುಗಾರರು 15, ಹಗುರ ಯೋಧರು 10, ದಪ್ಪ ಈಟಿಯವರು 5. ಹನ್ನೆರಡು ಘಟಕಗಳ ಚೌಕಕ್ಕೆ 600 ಗೊಂಬೆಗಳಾಗುತ್ತವೆ. ಆರಡಿ ಉದ್ದ, ನಾಲ್ಕಡಿ ಅಗಲದ ಸಾಮಾನ್ಯ ಮೇಜು ಅಷ್ಟನ್ನು ತಾಳಲಾರದು, ಬಣ್ಣ ಬಳಿಯುವ ಕೈಗೂ ಅದು ವರ್ಷಗಳ ಕೆಲಸ. ಆದ್ದರಿಂದ ಆಟಗಾರರು ಕಾಲಾಳುಗಳನ್ನು ಕಡಿದು ಕಟಾಫ್ರಾಕ್ಟ್‌ಗಳನ್ನು ಪೂರ್ತಿ ಉಳಿಸಿಕೊಂಡರು. ಮೇಜಿನ ಬೈಜಾಂಟೈನ್ ಸೇನೆಯು ಚರಿತ್ರೆಯಲ್ಲಿ ಇದ್ದುದಕ್ಕಿಂತ ಹೆಚ್ಚು ಕಬ್ಬಿಣದ ಕುದುರೆಗಳ ಸೇನೆಯಾಗಿ ಕಾಣತೊಡಗಿದ್ದು ಹೀಗೆ. ಈ ರೂಢಿ ಚರಿತ್ರೆಗೂ ಸಲ್ಲದು, ಆಟಕ್ಕೂ ಸಲ್ಲದು. ಆಸರೆಯ ಚೌಕವಿಲ್ಲದ ಬೆಣೆಯು ಒಮ್ಮೆ ನುಗ್ಗಿ ವಿಫಲವಾದರೆ ಮರಳಿ ಸಜ್ಜಾಗಲು ಜಾಗವಿರುವುದಿಲ್ಲ. ಹಗುರ ಕುದುರೆಯ ಬಿಲ್ಲುಗಾರರು ಸುತ್ತುವರಿದರೆ ಅದು ನಿಂತಲ್ಲೇ ಸವೆಯುತ್ತದೆ.

ಬಾರ್ಕರ್ ಬಳಗದ ಮುಂದಿನ ನಿಯಮಗಳು ಈ ಬಿಕ್ಕಟ್ಟನ್ನು ಬೇರೆ ದಾರಿಯಿಂದ ಬಿಡಿಸಿದವು. 1990ರ ಡಿಬಿಎ ಎಂಬ ಕಿರು ನಿಯಮಾವಳಿಯಲ್ಲಿ ಒಬ್ಬೊಬ್ಬ ಯೋಧನ ಎಣಿಕೆ ಇಲ್ಲ. ಎರಡರಿಂದ ನಾಲ್ಕು ಗೊಂಬೆಗಳನ್ನು ಅಂಟಿಸಿದ ಒಂದು ಪಟ್ಟಿ ಒಂದು ದಳ, ಅಂಥ ಹನ್ನೆರಡು ಪಟ್ಟಿಗಳು ಒಂದು ಸೇನೆ. 15 ಮಿ.ಮೀ. ಎತ್ತರದ ಗೊಂಬೆಗಳಿಗೆ ಪಟ್ಟಿಯ ಮುಂಭಾಗ 40 ಮಿ.ಮೀ., 25 ಮಿ.ಮೀ. ಗೊಂಬೆಗಳಿಗೆ 60 ಮಿ.ಮೀ. 1993ರ ಡಿಬಿಎಂ ಇದನ್ನೇ ದೊಡ್ಡ ಸೇನೆಗಳಿಗೆ ವಿಸ್ತರಿಸಿ, ಬೈಜಾಂಟೈನ್ ಚರಿತ್ರೆಯನ್ನು ಕಾಲಕ್ಕೆ ತಕ್ಕ ಬೇರೆ ಬೇರೆ ಸೇನಾಪಟ್ಟಿಗಳಾಗಿ ಒಡೆಯಿತು: ಪ್ರಾಂತಗಳ ಸೈನಿಕರನ್ನು ನೆಚ್ಚಿದ 'ಥಿಮ್ಯಾಟಿಕ್' ಸೇನೆ, ಫೋಕಾಸನ ಹೆಸರಿನ 'ನಿಕೆಫೋರಿಯನ್' ಸೇನೆ, 1081ರಲ್ಲಿ ಪಟ್ಟಕ್ಕೆ ಬಂದ ಅಲೆಕ್ಸಿಯಸನ ಮನೆತನದ 'ಕೊಮ್ನೀನಿಯನ್' ಸೇನೆ.

ಕೊಮ್ನೀನಿಯನ್ ಸೇನೆಯ ಸ್ವರೂಪವೇ ಬೇರೆ. 1071ರಲ್ಲಿ ಮಾಂಜಿಕರ್ಟ್ ಕಾಳಗದಲ್ಲಿ ಸೆಲ್ಜುಕ್ ತುರ್ಕರಿಂದ ಸೋತು, ಅದರ ನಂತರದ ಒಳಜಗಳಗಳಲ್ಲಿ ಅನಟೋಲಿಯದ ಬಹುಭಾಗವನ್ನು ಕಳೆದುಕೊಂಡ ಸಾಮ್ರಾಜ್ಯವು ಫ್ರಾಂಕರು, ತುರ್ಕರು, ಪೆಚೆನೆಗರು ಮೊದಲಾದವರನ್ನು ಸಂಬಳಕ್ಕೆ ನೆಚ್ಚಿತು. ಕೊಡಲಿ ಹಿಡಿದ ವರಂಗಿಯನ್ ಕಾವಲುಪಡೆ, 988ರ ಸುಮಾರಿಗೆ ಕೀವ್‌ನ ವ್ಲಾದಿಮಿರ್ ಕಳಿಸಿದ ಸುಮಾರು 6,000 ಯೋಧರಿಂದ ಹುಟ್ಟಿದ್ದು, ಈ ಕಾಲದ ಸೇನೆಯ ಗಟ್ಟಿ ಕಾಲಾಳು. ಆದರೆ 1081ರಲ್ಲಿ ಡಿರ್ರಾಕಿಯಂ ಎಂಬಲ್ಲಿ ಅವರು ಎದುರಿನ ನಾರ್ಮನ್ ಪಕ್ಕವನ್ನು ಬೆನ್ನಟ್ಟಿ ಮುಖ್ಯ ಸೇನೆಯಿಂದ ದೂರ ಸರಿದು ನಾಶವಾದರು. ಮೇಜಿನ ಮೇಲೂ ವರಂಗಿಯನ್ನರನ್ನು ಒಂಟಿಯಾಗಿ ಮುನ್ನುಗ್ಗಿಸುವ ಆಟಗಾರನಿಗೆ ಅದೇ ಗತಿ ಒದಗುತ್ತದೆ.

ಬಣ್ಣ ಬಳಿಯುವವರಿಗೆ ಹೆಚ್ಚು ನೆರವಾದ ಆಕರ ಮಡ್ರಿಡ್ ನಗರದಲ್ಲಿರುವ, ಬೈಜಾಂಟೈನ್ ಚರಿತ್ರಕಾರ ಸ್ಕೈಲಿಟ್ಸೆಸನ ಗ್ರಂಥದ ಸಚಿತ್ರ ಹಸ್ತಪ್ರತಿ. ಹನ್ನೆರಡನೆಯ ಶತಮಾನದಲ್ಲಿ ಸಿಸಿಲಿಯಲ್ಲಿ ಸಿದ್ಧವಾದ ಅದರಲ್ಲಿ 574 ಚಿತ್ರಗಳಿವೆ. ಗುರಾಣಿ, ಬಾವುಟ, ನಡುವಂಗಿಗಳ ಬಣ್ಣವನ್ನು ಬಹಳಷ್ಟು ಜನ ಅಲ್ಲಿಂದಲೇ ಎತ್ತಿಕೊಳ್ಳುತ್ತಾರೆ. ಚಿತ್ರಿಸಿದವರು ತಮ್ಮ ಕಾಲದ ಮತ್ತು ನೆಲದ ಉಡುಪನ್ನು ಹಿಂದಿನ ಯೋಧರಿಗೆ ತೊಡಿಸಿರಬಹುದಾದುದರಿಂದ ಹತ್ತನೆಯ ಶತಮಾನದ ಸೇನೆಗೆ ಅದನ್ನು ಎಚ್ಚರದಿಂದ ಬಳಸಬೇಕು.

ಹೊಸದಾಗಿ ಬೈಜಾಂಟೈನ್ ಸೇನೆ ಕಟ್ಟುವವರಿಗೆ 963ರಿಂದ 1025ರವರೆಗಿನ ಕಾಲವೇ ಸರಿಯಾದ ಆಯ್ಕೆ. ಪ್ರಮಾಣಗಳು ಇಷ್ಟು ನಿಚ್ಚಳವಾಗಿ ಬರಹದಲ್ಲಿ ಉಳಿದಿರುವ ಮಧ್ಯಯುಗೀನ ಸೇನೆ ವಿರಳ. ಮೊದಲು ಕೊಳ್ಳಬೇಕಾದದ್ದು ಈಟಿಗಾರರನ್ನೂ ಬಿಲ್ಲುಗಾರರನ್ನೂ, ಆಮೇಲೆ ಸಾಮಾನ್ಯ ಸವಾರರನ್ನು. ಕಟಾಫ್ರಾಕ್ಟ್‌ಗಳ ಬೆಣೆಯನ್ನು ಕೊನೆಗೆ ಕೊಂಡರೆ ಸಾಕು.